‘ಬೈ ಅದರ್ಸ್’ ಅಂದರೆ ಯಾರು? ಕಟ್ಟಡದ ಓಟಿ (ಯಂತ್ರಗಳ) ನೆಟ್‌ವರ್ಕ್ ಕೆಲಸಕ್ಕೆ ಎಲ್ಲರನ್ನೂ ಒಂದೆಡೆ ಕೂರಿಸುವ ಬಗೆ

ಪುಣೆಯ ಖರಾಡಿಯಲ್ಲಿ ಹನ್ನೊಂದು ಮಹಡಿಯ ಒಂದು ಆಫೀಸ್ ಕಟ್ಟಡ. ದಿನಾ ರಾತ್ರಿ ಹತ್ತೂವರೆ ಆಗುತ್ತಿದ್ದಂತೆ ಐದನೇ ಮಹಡಿಯ ಎಎಚ್‌ಯು (ಎಸಿಯ ತಣ್ಣನೆ ಗಾಳಿ ಹಂಚುವ ಯಂತ್ರ), ಮೀಟರ್, ಬಾಗಿಲಿನ ಕಂಟ್ರೋಲರ್ ಎಲ್ಲವೂ ಬಿಎಂಎಸ್ (ಕಟ್ಟಡದ ಯಂತ್ರಗಳನ್ನು ಒಂದೆಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ) ಸ್ಕ್ರೀನಿನಿಂದ ಮಾಯ. ಬೆಳಿಗ್ಗೆ ಏಳಕ್ಕೆ ತಾವೇ ವಾಪಸ್. ಹನ್ನೊಂದು ದಿನ ಹೀಗೇ ನಡೆಯಿತು. ಬಿಎಂಎಸ್‌ನವರು ನೆಟ್‌ವರ್ಕ್ ಸರಿಯಿಲ್ಲ ಅಂದರು. ನೆಟ್‌ವರ್ಕ್‌ನವರು ಕಂಟ್ರೋಲರ್ ಸರಿಯಿಲ್ಲ ಅಂದರು. ಐಟಿಯವರು ಫೈರ್‌ವಾಲ್ ಲಾಗ್ ಕಳಿಸಿ ಕೈ ತೊಳೆದುಕೊಂಡರು.

ಹನ್ನೆರಡನೇ ದಿನ ನಾನು ಫ್ಲಾಸ್ಕಿನಲ್ಲಿ ಚಹಾ ತುಂಬಿಸಿಕೊಂಡು ಹೋಗಿ ಐದನೇ ಮಹಡಿಯ ಎಲೆಕ್ಟ್ರಿಕಲ್ ರೂಮಿನಲ್ಲೇ ಕೂತೆ. ಹತ್ತೂವರೆಗೆ ಸೆಕ್ಯುರಿಟಿಯವರು ಬಂದರು. ಗೋಡೆಯ ಮೇಲಿನ ಸ್ವಿಚ್ಚನ್ನು ಟಕ್ ಅಂತ ಆರಿಸಿದರು. ಲೈಟು ಹೋಯಿತು, ಜೊತೆಗೆ ಅಲ್ಲಿದ್ದ ನೆಟ್‌ವರ್ಕ್ ರ‍್ಯಾಕಿನ ಹಸಿರು ದೀಪಗಳೂ ಹೋದವು. “ಸುಮ್ನ ಲೈಟ್ ಉರೀಬಾರ್ದಂತ ಹೇಳ್ಯಾರ್ರಿ ಮೇಡಂ” ಅಂದರು. ಜತ್ ಕಡೆಯವರು. ಪಾಪ, ಅವರ ಕೆಲಸ ಅವರು ಸರಿಯಾಗಿಯೇ ಮಾಡುತ್ತಿದ್ದರು.

ಮರುದಿನ ಡ್ರಾಯಿಂಗ್ ತೆಗೆದು ನೋಡಿದೆ. ಎಲೆಕ್ಟ್ರಿಕಲ್ ಡ್ರಾಯಿಂಗಿನಲ್ಲಿ ಆ ರ‍್ಯಾಕಿನ ಪಕ್ಕ ‘ಪವರ್ ಬೈ ಅದರ್ಸ್’ ಅಂತ ಇತ್ತು, ಅಂದರೆ ಪವರ್ ಬೇರೆಯವರು ಕೊಡುತ್ತಾರೆ ಅಂತ. ನೆಟ್‌ವರ್ಕ್ ಡ್ರಾಯಿಂಗಿನಲ್ಲೂ ‘ಪವರ್ ಬೈ ಅದರ್ಸ್’. ಇವರು ಕೊಡುತ್ತಾರೆ ಅಂತ ಅವರು, ಅವರು ಕೊಡುತ್ತಾರೆ ಅಂತ ಇವರು. ಕೊನೆಗೆ ಯಾರೋ ಅವಸರದಲ್ಲಿ ಪಕ್ಕದ ಸಾಕೆಟ್‌ಗೆ ಪ್ಲಗ್ ಚುಚ್ಚಿ ಹೋಗಿದ್ದಾರೆ. ಆ ಸಾಕೆಟ್ ಲೈಟಿನ ಸರ್ಕ್ಯೂಟ್ ಮೇಲಿತ್ತು. ನೆಟ್‌ವರ್ಕ್ ಸ್ವಿಚ್ (ಸಾಧನಗಳನ್ನು ಜಾಲಕ್ಕೆ ಕೂಡಿಸುವ ಡಬ್ಬಿ) ಎಷ್ಟು ಹೊತ್ತಿನಿಂದ ಓಡುತ್ತಿದೆ ಅಂತ ನೋಡಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಅದನ್ನು ನೋಡುವುದು ಯಾರ ಕೆಲಸ ಅಂತಲೂ ಎಲ್ಲೂ ಬರೆದಿರಲಿಲ್ಲ.

ನಾನು ಧಾರವಾಡದವಳು. ಪುಣೆಗೆ ಬಂದು ಹದಿನಾಲ್ಕು ವರ್ಷವಾಯಿತು, ಇಂಥ ಕೆಲಸಗಳ ಕೋಆರ್ಡಿನೇಟರ್ ಆಗಿ ಒಂಬತ್ತು ವರ್ಷ. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರಿಗೆ ಮೊದಲು ಹೇಳುವ ಮಾತು ಇದೇ: ಡ್ರಾಯಿಂಗ್, ಟೆಂಡರ್, ಕೊಟೇಶನ್ ಯಾವುದರಲ್ಲೇ ‘ಬೈ ಅದರ್ಸ್’ ಕಂಡರೂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ. ಆ ‘ಅದರ್ಸ್’ ಜಾಗದಲ್ಲಿ ಒಂದು ಹೆಸರು ಬರುವ ತನಕ ಬಿಡಬೇಡಿ.

ಮೊದಲು ಒಂದು ಶೀಟ್

ಓಟಿ ಅಂದರೆ ಆಪರೇಷನಲ್ ಟೆಕ್ನಾಲಜಿ, ಕಟ್ಟಡವನ್ನು ನಡೆಸುವ ಯಂತ್ರಗಳ ಕಡೆ. ಚಿಲ್ಲರ್ (ಎಸಿಗೆ ನೀರು ತಣ್ಣಗೆ ಮಾಡುವ ಯಂತ್ರ), ಎಎಚ್‌ಯು, ಪಂಪು, ಡಿಜಿ (ಡೀಸೆಲ್ ಜನರೇಟರ್), ಲಿಫ್ಟು, ಎನರ್ಜಿ ಮೀಟರ್, ಫೈರ್ ಅಲಾರಂ, ಬಾಗಿಲು, ಕ್ಯಾಮೆರಾ. ಮೊದಲೆಲ್ಲ ಒಂದೊಂದಕ್ಕೂ ಅದರದೇ ವೈರು, ಅದರದೇ ಕಂಪ್ಯೂಟರ್. ಈಗ ಬಹುಪಾಲು ಒಂದೇ ಫೈಬರ್ ಮೇಲೆ ಬರುತ್ತವೆ. ಹಾಗಾಗಿ ಒಬ್ಬರ ಮುಖ ಒಬ್ಬರು ನೋಡದೆ ಕೆಲಸ ಮುಗಿಸಿ ಹೋಗುತ್ತಿದ್ದ ಏಳೆಂಟು ಗುಂಪಿನವರು ಈಗ ಒಬ್ಬರಿಗೊಬ್ಬರು ಕಾಯಬೇಕು.

ಅದಕ್ಕೇ ಯಾವ ಕೆಲಸ ಯಾರದು ಅನ್ನುವ ಒಂದು ಶೀಟ್ ಬೇಕು. ಅದನ್ನು ಎಕ್ಸೆಲ್‌ನಲ್ಲೇ ಮಾಡಿ, ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ಒಂದೊಂದು ಸಾಧನಕ್ಕೆ ಒಂದು ಸಾಲು. ಅಡ್ಡಕ್ಕೆ ಏಳು ಪ್ರಶ್ನೆ: ಸಾಧನ ಕೊಡುವವರು ಯಾರು, ಕೇಬಲ್ ಎಳೆಯುವವರು ಯಾರು, ತುದಿ ಕಟ್ಟುವವರು ಯಾರು, ಪವರ್ ಯಾರದು, ಐಪಿ (ಜಾಲದಲ್ಲಿನ ವಿಳಾಸ) ಯಾರದು, ಟೆಸ್ಟ್ ಯಾರದು, ಹ್ಯಾಂಡೋವರ್ ಆದಮೇಲೆ ಕೆಟ್ಟರೆ ಯಾರು. ಒಂದು ಮನೆಯಲ್ಲಿ ಒಂದೇ ಹೆಸರು. ‘ಇಬ್ಬರೂ ಸೇರಿ’ ಅಂತ ಬರೆಯಲು ಬಿಡಬೇಡಿ, ಅದು ‘ಬೈ ಅದರ್ಸ್’ನ ತಮ್ಮ. ಖರಾಡಿಯದಾದ ಮೇಲೆ ಮಾಡಿದ ಕಟ್ಟಡದಲ್ಲಿ ನಮ್ಮ ಶೀಟು ಇನ್ನೂರು ಚಿಲ್ಲರೆ ಸಾಲು ಬಂತು. ತುಂಬಿಸಲು ಮೂರು ವಾರ, ಎರಡು ಜಗಳ. ಆ ಜಗಳ ಮೇಜಿನ ಮೇಲೆ ಆಗಿದ್ದೇ ಒಳ್ಳೆಯದಾಯಿತು. ಫಾಲ್ಸ್ ಸೀಲಿಂಗ್ ಮುಚ್ಚಿದ ಮೇಲೆ ಆಗಿದ್ದರೆ ಅದರ ಬಿಲ್ಲೇ ಬೇರೆ.

ಶೀಟು ತುಂಬಿಸುವಾಗ ಒಂದು ಪ್ರಶ್ನೆ ಮಾತ್ರ ನೀವೇ ಬಾಯಿಬಿಟ್ಟು ಕೇಳಿ: “ಕಮ್ಯುನಿಕೇಶನ್ ಕಾರ್ಡ್ ಆರ್ಡರ್‌ನಲ್ಲಿ ಇದೆಯಾ?” ಎಷ್ಟೋ ಸಲ ಚಿಲ್ಲರ್ ಬರುತ್ತದೆ, ಬ್ಯಾಕ್‌ನೆಟ್ (ಕಟ್ಟಡದ ಯಂತ್ರಗಳು ಮಾತಾಡಿಕೊಳ್ಳುವ ಭಾಷೆ) ಕಾರ್ಡ್ ಬರುವುದಿಲ್ಲ. ಅದು ಆಪ್ಷನ್ ಆಗಿತ್ತು, ರೇಟ್ ಇಳಿಸುವಾಗ ಪರ್ಚೇಸ್‌ನವರು ತೆಗೆದುಬಿಟ್ಟಿರುತ್ತಾರೆ. ವಿಎಫ್‌ಡಿಯದೂ (ಮೋಟಾರಿನ ವೇಗ ಹೆಚ್ಚು-ಕಡಿಮೆ ಮಾಡುವ ಸಾಧನ) ಇದೇ ಕಥೆ, ಎನರ್ಜಿ ಮೀಟರಿನದೂ ಇದೇ ಕಥೆ. ಆರ್‌ಎಸ್-485 ಪೋರ್ಟ್ (ವೈರಿನಲ್ಲಿ ಮಾಹಿತಿ ಕಳಿಸುವ ಒಂದು ಬಗೆಯ ಜೋಡಣೆ) ಇರುವ ಮಾಡೆಲ್, ಇಲ್ಲದ ಮಾಡೆಲ್ ನೋಡಲು ಅಣ್ಣ-ತಮ್ಮಂದಿರ ಹಾಗೆ ಇರುತ್ತವೆ. ಪ್ಯಾನೆಲ್ ಒಳಗೆ ಕೂತ ಮೇಲೆ ಬದಲಿಸುವುದು ಅಂದರೆ ಶಟ್‌ಡೌನ್ ತಗೊಳ್ಳಬೇಕು.

ಮೀಟಿಂಗಿಗೆ ಫೋರ್‌ಮನ್ ಬರಲಿ

ವಾರಕ್ಕೊಂದು ಮೀಟಿಂಗ್ ಸಾಕು. ನಾನು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಇಡುತ್ತೇನೆ. ಎಸಿ ರೂಮಿನಲ್ಲಿ ಬೇಡ, ಸೈಟಿನಲ್ಲೇ ನಿಂತುಕೊಂಡು ಅರ್ಧ ಗಂಟೆ. ಕೂತರೆ ಪಿಪಿಟಿ ಶುರುವಾಗುತ್ತದೆ.

ಸಾಮಾನ್ಯವಾಗಿ ಇಂಥ ಮೀಟಿಂಗಿಗೆ ಬರುವವರು ಮ್ಯಾನೇಜರ್‌ಗಳು. ಕೇಬಲ್ ಎಲ್ಲಿ ಹೋಗುತ್ತದೆ ಅಂತ ಅವರಿಗೆ ಗೊತ್ತಿರುವುದಿಲ್ಲ. ಗೊತ್ತಿರುವವರು ಫೋರ್‌ಮನ್. ಪುಣೆಯ ಸೈಟುಗಳಲ್ಲಿ ನಮ್ಮ ಭಾಷೆಯವರು ಬಹಳ ಮಂದಿ ಸಿಗುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆ, ಇಂಡಿ ಕಡೆಯವರು. ಮೀಟಿಂಗಿನಲ್ಲಿ ಇಂಗ್ಲಿಷ್, ಹಿಂದಿ ಕೇಳಿದರೆ ಹಿಂದೆ ನಿಂತು ತಲೆ ಆಡಿಸುತ್ತಾರೆ. ಮೀಟಿಂಗ್ ಮುಗಿದ ಮೇಲೆ ಮಾತಾಡಿಸಬೇಕು.

ಅಕ್ಕಲಕೋಟೆಯ ಒಬ್ಬ ಫೋರ್‌ಮನ್ ಹೀಗೇ ಕೊನೆಗೆ ಪಕ್ಕಕ್ಕೆ ಕರೆದು ಹೇಳಿದರು: “ಅಕ್ಕಾರ, ನೀವು ಕಾಗದದಾಗ ರ‍್ಯಾಕ್ ತೋರ್ಸೀರಿ. ಅದರ ನೆತ್ತಿ ಮ್ಯಾಲ ತಣ್ಣೀರ್ ಪೈಪ್ ಐತಿ. ಮಳಿಗಾಲದಾಗ ಅದು ಬೆವರ್ತದ.” ಹೋಗಿ ನೋಡಿದರೆ ನಿಜ. ಚಿಲ್ಡ್ ವಾಟರ್ ಪೈಪಿನ ವಾಲ್ವಿಗೆ ಇನ್ಸುಲೇಶನ್ ಇನ್ನೂ ಸುತ್ತಿರಲಿಲ್ಲ, ಕೆಳಗೆ ಸರಿಯಾಗಿ ನಮ್ಮ ರ‍್ಯಾಕು. ಎಚ್‌ವಿಎಸಿ (ಎಸಿ ಮತ್ತು ಗಾಳಿ ವ್ಯವಸ್ಥೆ) ಡ್ರಾಯಿಂಗ್ ಒಂದು ಫೈಲಿನಲ್ಲಿ, ನೆಟ್‌ವರ್ಕ್ ಡ್ರಾಯಿಂಗ್ ಇನ್ನೊಂದರಲ್ಲಿ. ಒಂದರ ಮೇಲೊಂದು ಇಟ್ಟು ಯಾರೂ ನೋಡಿರಲಿಲ್ಲ. ರ‍್ಯಾಕನ್ನು ಎದುರು ಗೋಡೆಗೆ ಸರಿಸಿದೆವು. ಅಂದಿನಿಂದ ಆ ಫೋರ್‌ಮನ್ ಮುಂದಿನ ಸಾಲಿನಲ್ಲಿ.

ಇನ್ನೊಂದು ವಿಷಯವನ್ನೂ ಫೋರ್‌ಮನ್ ಜೊತೆಗೇ ಬಗೆಹರಿಸಬೇಕು. ಆರ್‌ಎಸ್-485 ವೈರನ್ನು ಒಂದು ಮೀಟರಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸರದ ಹಾಗೆ ಪೋಣಿಸಿಕೊಂಡು ಹೋಗಬೇಕು. ಎರಡೂ ತುದಿಗೆ 120 ಓಮ್ ರೆಸಿಸ್ಟರ್. ಲೈಟಿನ ವೈರಿಂಗ್ ಮಾಡಿ ಕೈ ಕೂತವರು ಒಂದು ಡಬ್ಬಿಯಿಂದ ನಾಲ್ಕು ಕಡೆ ಕವಲು ಒಡೆಸಿಬಿಡುತ್ತಾರೆ. ಇಮೇಲ್ ಬರೆದರೆ ಪ್ರಯೋಜನವಿಲ್ಲ. ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಸರ ಬರೆದು ತೋರಿಸಿ, ಒಂದೇ ಸಲಕ್ಕೆ ಅರ್ಥವಾಗುತ್ತದೆ. ಹಾಗೆಯೇ ತಾಮ್ರದ ನೆಟ್‌ವರ್ಕ್ ಕೇಬಲ್‌ಗೆ 100 ಮೀಟರ್ ಮಿತಿ. ಡ್ರಾಯಿಂಗಿನಲ್ಲಿ 82 ಮೀಟರ್ ಕಾಣುತ್ತದೆ. ಟ್ರೇ ಹತ್ತಿ, ಬೀಮ್ ಬಳಸಿ, ಪ್ಯಾನೆಲ್ಲಿಗೆ ಇಳಿದಾಗ ನೂರು ದಾಟಿರುತ್ತದೆ. ಟೇಪ್ ಹಿಡಿದು ಅಳೆಯುವುದು ಫೋರ್‌ಮನ್ ಕೆಲಸ, ಅಳೆಸುವುದು ನಿಮ್ಮ ಕೆಲಸ.

ಮೀಟಿಂಗಿನ ಟಿಪ್ಪಣಿ ಅವತ್ತೇ ಸಂಜೆ ಹೋಗಬೇಕು. ಏನು, ಯಾರು, ಯಾವಾಗ. ವಾಟ್ಸಾಪಿನಲ್ಲಿ ಬೋರ್ಡಿನ ಫೋಟೋ ಹಾಕಿದರೆ ಅದು ಟಿಪ್ಪಣಿಯಲ್ಲ.

ಐಟಿಯವರೂ ಬಿಎಂಎಸ್‌ನವರೂ

ಇವರಿಬ್ಬರನ್ನು ಕೂಡಿಸುವುದೇ ಎಲ್ಲಕ್ಕಿಂತ ಕಷ್ಟ. ಇಬ್ಬರೂ ಸರಿ ಅನ್ನುವುದೇ ತೊಂದರೆ. ಐಟಿಯವರಿಗೆ ಗೊತ್ತಿಲ್ಲದ ಡಬ್ಬಿ ತಮ್ಮ ನೆಟ್‌ವರ್ಕಿಗೆ ಬರಬಾರದು, ಬಂದರೆ ಪ್ಯಾಚ್ (ಸಾಫ್ಟ್‌ವೇರಿನ ಹೊಸ ತಿದ್ದುಪಡಿ) ಆಗಿರಬೇಕು. ಬಿಎಂಎಸ್‌ನವರಿಗೆ ಓಡುತ್ತಿರುವ ಚಿಲ್ಲರನ್ನು ಯಾರೂ ಮುಟ್ಟಬಾರದು.

ಐಟಿಯವರ ಭಯ ಸುಳ್ಳಲ್ಲ. ಮೀಟರಿನಂಥ ಸಾಧನಗಳು ಮಾತಾಡುವ ಇನ್ನೊಂದು ಭಾಷೆ ಮಾಡ್‌ಬಸ್ ಹುಟ್ಟಿದ್ದು 1979ರಲ್ಲಿ. ಅದಕ್ಕೆ ಪಾಸ್‌ವರ್ಡ್ ಅನ್ನುವುದೇ ಗೊತ್ತಿಲ್ಲ, ಯಾರು ಕೇಳಿದರೂ ಉತ್ತರ ಕೊಡುತ್ತದೆ. 2013ರಲ್ಲಿ ಅಮೆರಿಕದ ಟಾರ್ಗೆಟ್ ಅಂಗಡಿಗಳಿಂದ ಸುಮಾರು ನಾಲ್ಕು ಕೋಟಿ ಕಾರ್ಡುಗಳ ಮಾಹಿತಿ ಕಳುವಾಯಿತಲ್ಲ, ಕಳ್ಳರು ಒಳಗೆ ಬಂದದ್ದು ಎಚ್‌ವಿಎಸಿ ಗುತ್ತಿಗೆದಾರರ ಲಾಗಿನ್ ಕದ್ದು. ಈ ಕಥೆಯನ್ನು ಮೊದಲ ಮೀಟಿಂಗಿನಲ್ಲೇ ಎಸಿಯವರಿಗೆ ಹೇಳುತ್ತೇನೆ. ಪ್ಯಾನೆಲ್ ಒಳಗೆ ಗುಟ್ಟಾಗಿ 4ಜಿ ಡಾಂಗಲ್ ಸಿಕ್ಕಿಸಿ ಮನೆಯಿಂದ ನೋಡುವ ಚಾಳಿ ಆಮೇಲೆ ಸ್ವಲ್ಪ ಕಡಿಮೆಯಾಗುತ್ತದೆ. ದೂರದಿಂದ ಒಳಗೆ ಬರಲು ಒಂದೇ ದಾರಿ ಇರಲಿ, ಅದರ ಬೀಗ ಐಟಿಯವರ ಕೈಯಲ್ಲಿರಲಿ. ರಾತ್ರಿ ಎರಡಕ್ಕೆ ಆ ಬೀಗ ತೆಗೆಯುವವರು ಯಾರು ಅಂತಲೂ ಶೀಟಿನಲ್ಲಿ ಇರಲಿ. ಇಲ್ಲದಿದ್ದರೆ ಡಾಂಗಲ್ ಮತ್ತೆ ಬರುತ್ತದೆ.

ಇನ್ನೊಂದು ಕಡೆ, ಐಟಿಯವರಿಗೆ ಬ್ಯಾಕ್‌ನೆಟ್‌ನ ಸ್ವಭಾವ ಹೇಳಿಕೊಡಬೇಕು. ಬ್ಯಾಕ್‌ನೆಟ್ ಐಪಿ ಯುಡಿಪಿ ಪೋರ್ಟ್ 47808ರಲ್ಲಿ ಮಾತಾಡುತ್ತದೆ. ಸಾಧನಗಳು ಒಂದನ್ನೊಂದು ಹುಡುಕುವುದು ಬ್ರಾಡ್‌ಕಾಸ್ಟ್‌ನಿಂದ, ಓಣಿಯಲ್ಲಿ ನಿಂತು ಕೂಗಿದ ಹಾಗೆ. ಆ ಕೂಗು ರೂಟರ್ ದಾಟುವುದಿಲ್ಲ. ದಾಟಿಸಲು ಬಿಬಿಎಂಡಿ (ಕೂಗನ್ನು ಆಚೆ ಮುಟ್ಟಿಸುವ ಮಧ್ಯವರ್ತಿ) ಬೇಕು, ಒಂದು ಸಬ್‌ನೆಟ್‌ಗೆ (ಜಾಲದ ಒಂದು ಭಾಗಕ್ಕೆ) ಒಂದೇ. ಮಹಡಿಗೊಂದು ವಿಎಲ್ಯಾನ್ (ಅದೇ ಕೇಬಲ್ ಮೇಲೆ ಬೇರೆ ಮಾಡಿದ ಜಾಲ) ಮಾಡಿದರೆ ಮಹಡಿಗೊಂದು ಬಿಬಿಎಂಡಿ. ಇದನ್ನು ಕೇಳಿದ ಮೇಲೆ ಐಟಿಯವರೇ “ಹಾಗಾದ್ರೆ ವಿಎಲ್ಯಾನ್ ಕಡಿಮೆ ಮಾಡೋಣ” ಅಂತಾರೆ. ನಾವು ಬಿಎಂಎಸ್‌ಗೊಂದು, ಬಾಗಿಲಿಗೊಂದು, ಕ್ಯಾಮೆರಾಕ್ಕೊಂದು ಅಂತ ಕೆಲಸ ನೋಡಿ ಭಾಗ ಮಾಡುತ್ತೇವೆ. ಮಧ್ಯೆ ಫೈರ್‌ವಾಲ್, ಯಾರು ಯಾರ ಜೊತೆ ಮಾತಾಡಬಹುದು ಅಂತ ಒಂದು ಪುಟದ ಪಟ್ಟಿ. ಇಂಥ ಜಾಲಗಳ ಸುರಕ್ಷತೆಯ ಮಾನದಂಡವಾದ ಐಇಸಿ 62443ರಲ್ಲಿ ಇದನ್ನೇ ಝೋನ್, ಕಾಂಡ್ಯೂಟ್ ಅನ್ನುತ್ತಾರೆ. ಸೈಟಿನಲ್ಲಿ ಕಾಂಡ್ಯೂಟ್ ಅಂದರೆ ಎಲ್ಲರಿಗೂ ಪಿವಿಸಿ ಪೈಪೇ. ಆ ಪದ ಬಳಸಬೇಡಿ.

ನಂಬರ್ ಪಟ್ಟಿ ಒಬ್ಬರ ಕೈಯಲ್ಲೇ ಇರಬೇಕು. ಐಪಿ ಅಷ್ಟೇ ಅಲ್ಲ, ಬ್ಯಾಕ್‌ನೆಟ್ ಡಿವೈಸ್ ನಂಬರೂ. ಅದು 0ಯಿಂದ 4194302ರವರೆಗೆ ಏನಾದರೂ ಆಗಬಹುದು, ಆದರೆ ಇಡೀ ಜಾಲದಲ್ಲಿ ಎರಡು ಸಾಧನಕ್ಕೆ ಒಂದೇ ನಂಬರ್ ಇರಬಾರದು. ಡಬ್ಬಿಯಿಂದ ತೆಗೆದಾಗ ಎಲ್ಲದಕ್ಕೂ ಒಂದೇ ಡಿಫಾಲ್ಟ್ ಇರುವುದುಂಟು. ನಾವು ಕಟ್ಟಡ, ಮಹಡಿ, ಸಾಧನ ಅಂತ ಕೊಡುತ್ತೇವೆ. 10503 ಅಂದರೆ ಒಂದನೇ ಕಟ್ಟಡ, ಐದನೇ ಮಹಡಿ, ಮೂರನೇ ಸಾಧನ. ಸ್ಕ್ರೀನಿನಲ್ಲಿ ನಂಬರ್ ನೋಡಿಯೇ ಲಿಫ್ಟ್ ಬಟನ್ ಒತ್ತಬಹುದು.

ಗಡಿಯಾರದ ವಿಷಯ ಮರೆಯಬೇಡಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ, 180 ದಿನದ ಲಾಗ್, ಸಮಯ ಹೊಂದಾಣಿಕೆ ಎಲ್ಲವೂ ಇದೆ. ಕ್ಯಾಮೆರಾದ ಗಡಿಯಾರ ಏಳು ನಿಮಿಷ ಮುಂದೆ, ಬಾಗಿಲಿನದು ನಾಲ್ಕು ನಿಮಿಷ ಹಿಂದೆ ಇದ್ದರೆ ಯಾರು ಯಾವಾಗ ಬಂದರು ಅಂತ ಹೇಗೆ ಹೇಳುವುದು?

ಮೇಜಿನ ಮೇಲೆ ಒಂದು ಸಲ, ಕತ್ತಲಲ್ಲಿ ಒಂದು ಸಲ

ಸಾಮಾನು ಮಹಡಿಗಳಿಗೆ ಹಂಚುವ ಮುಂಚೆ ಒಂದೊಂದು ಬಗೆಯದು ಒಂದೊಂದು ತರಿಸಿ. ಒಂದು ಡಿಡಿಸಿ (ಎಎಚ್‌ಯು ಥರದ ಯಂತ್ರ ನಡೆಸುವ ಕಂಟ್ರೋಲರ್), ಒಂದು ಮೀಟರ್, ಒಂದು ಬಾಗಿಲಿನ ಕಂಟ್ರೋಲರ್, ನಿಜವಾಗಿ ಹಾಕುವ ನೆಟ್‌ವರ್ಕ್ ಸ್ವಿಚ್. ಮೇಜಿನ ಮೇಲೆ ಜೋಡಿಸಿ, ಎಲ್ಲ ವೆಂಡರ್‌ಗಳ ಎಂಜಿನಿಯರ್‌ಗಳನ್ನೂ ಎರಡು ದಿನ ಕೂರಿಸಿ. ಸಂಬಂಧಗಳೂ ಅಲ್ಲೇ ಕುದುರುತ್ತವೆ. ಮೇಲ್ ಬರೆದುಕೊಂಡು ಕಚ್ಚಾಡುತ್ತಿದ್ದವರು ಒಂದೇ ಪ್ಲೇಟಿನಲ್ಲಿ ವಡಾಪಾವ್ ತಿಂದ ಮೇಲೆ ಫೋನ್ ಮಾಡುತ್ತಾರೆ.

ತಾರೀಕು ಹಾಕುವಾಗ ಊರಿನ ಕ್ಯಾಲೆಂಡರ್ ನೋಡಿ. ಗಣಪತಿ ವಿಸರ್ಜನೆಯ ದಿನ ಪುಣೆಯಲ್ಲಿ ಸಾಮಾನು ತರಿಸುತ್ತೇನೆ ಅನ್ನುವುದು ಹುಚ್ಚುತನ. ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆ, ಆ ಕಡೆಯ ವೈರ್‌ಮನ್‌ಗಳು ಸೈಟಿನಲ್ಲಿ ಇರುವುದಿಲ್ಲ. ಅವರನ್ನು ತಡೆಯಲು ಹೋಗಬೇಡಿ, ವಾರ ಮುಂಚೆ ಟೆಸ್ಟಿಂಗ್ ಮುಗಿಸಿ.

ಕೊನೆಯ ಟೆಸ್ಟಿಗೆ ಎಲ್ಲರೂ ಇರಬೇಕು, ಲಿಫ್ಟಿನವರು ಸೇರಿ. ಫೈರ್ ಅಲಾರಂ ಹೊಡೆಸಿ ನೋಡಿ. ಎಎಚ್‌ಯು ನಿಂತಿತಾ, ಬಾಗಿಲು ತೆರೆಯಿತಾ, ಲಿಫ್ಟ್ ಕೆಳಗೆ ಬಂತಾ? ಈ ಮೂರಕ್ಕೂ ನೆಟ್‌ವರ್ಕ್ ನಂಬಬೇಡಿ, ನೇರ ವೈರೇ ಇರಲಿ. ಬಿಎಂಎಸ್ ಸುಮ್ನೆ ನೋಡಲಿ. ಆಮೇಲೆ ಮೇನ್ ಆಫ್ ಮಾಡಿಸಿ, ಡಿಜಿ ಬಂದ ಮೇಲೆ ಪ್ರತಿ ಮಹಡಿಯ ನೆಟ್‌ವರ್ಕ್ ಸ್ವಿಚ್ ಎದ್ದಿದೆಯಾ ಎಣಿಸಿ. ನಾನು ಇದನ್ನು ರಾತ್ರಿಯೇ ಮಾಡಿಸುತ್ತೇನೆ, ಸೆಕ್ಯುರಿಟಿಯವರ ಒಂದು ರೌಂಡ್ ಮುಗಿಯುವ ತನಕ.

ಹ್ಯಾಂಡೋವರ್ ದಿನ ಫೆಸಿಲಿಟಿಯವರಿಗೆ ಕಾನ್ಫಿಗರೇಶನ್ ಬ್ಯಾಕಪ್, ಒಂದು ಸ್ಪೇರ್ ನೆಟ್‌ವರ್ಕ್ ಸ್ವಿಚ್, ಬದಲಿಸಿದ ಪಾಸ್‌ವರ್ಡ್‌ಗಳ ಸೀಲ್ ಮಾಡಿದ ಕವರ್, ಫೋನ್ ನಂಬರ್ ಪಟ್ಟಿ. ಪಟ್ಟಿ ಕೊಟ್ಟರೆ ಸಾಲದು, ಅವರ ಎದುರೇ ಒಂದೊಂದು ನಂಬರಿಗೂ ಫೋನ್ ಮಾಡಿ. ಹೋದ ಸಲ ಒಂಬತ್ತರಲ್ಲಿ ಎರಡು ಸ್ವಿಚ್ ಆಫ್ ಬಂದವು. ಮೂರನೆಯದನ್ನು ಎತ್ತಿದವರು ಆ ಕಂಪನಿ ಬಿಟ್ಟು ನಾಲ್ಕು ತಿಂಗಳಾಗಿತ್ತು, ದುಬೈಯಲ್ಲಿದ್ದರು. ಮೂರಕ್ಕೂ ಹೊಸ ನಂಬರ್ ಬರೆಸಿಕೊಂಡು, ಮತ್ತೆ ಫೋನ್ ಮಾಡಿಸಿ, ಆಮೇಲೇ ಸಹಿ ಹಾಕಿದೆ.