ಕೋರ್ಟ್ ತೀರ್ಪಿನ ನಂತರ ನಗರದ ಚುನಾವಣಾ ದೇಣಿಗೆ ಕಾನೂನನ್ನು ತಿದ್ದುವುದು ಹೇಗೆ?

ಅಮೆರಿಕದಲ್ಲಿ ಚುನಾವಣಾ ಹಣದ ಬಗ್ಗೆ ತೀರ್ಪು ಬಂದಾಗ ಎಷ್ಟೋ ಸಿಟಿ ಕೌನ್ಸಿಲ್‌ಗಳು ಗಾಬರಿಬಿದ್ದು ತಮ್ಮ ಕಾನೂನಿನ ಇಡೀ ಅಧ್ಯಾಯವನ್ನೇ ಕಿತ್ತುಹಾಕುತ್ತವೆ. ಇನ್ನು ಕೆಲವು, ಸತ್ತ ಕಲಮನ್ನು ಹಾಗೇ ಇಟ್ಟುಕೊಂಡು ಯಾರಾದರೂ ಮೊಕದ್ದಮೆ ಹೂಡುವವರೆಗೂ ಸುಮ್ಮನಿರುತ್ತವೆ. ಎರಡೂ ತಪ್ಪು. ಅಲ್ಲಿನ ನಗರ ಸಮಿತಿಗಳಲ್ಲಿ ಕೂರುವ ಕನ್ನಡಿಗರು ಇದನ್ನು ಓದಲಿ ಎಂಬುದು ನನ್ನ ಆಸೆ.

1. ಒಳಬರುವ ಹಣ, ಹೊರಹೋಗುವ ಹಣ ಬೇರ್ಪಡಿಸಿ. ನಮ್ಮ ಕರ್ನಾಟಕದಲ್ಲಿ ವಿಧಾನಸಭೆ ಅಭ್ಯರ್ಥಿಯ ಖರ್ಚಿಗೆ 40 ಲಕ್ಷ ರೂಪಾಯಿ ಮಿತಿಯಿದೆ, ಒಬ್ಬ ವ್ಯಕ್ತಿ ಕೊಡುವ ದೇಣಿಗೆಗೆ ಮೇಲ್ಮಿತಿಯಿಲ್ಲ. ಅಮೆರಿಕದಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿನ ಸುಪ್ರೀಂ ಕೋರ್ಟ್ ಕೊಟ್ಟ 1976ರ ಬಕ್ಲಿ ತೀರ್ಪಿನ ಪ್ರಕಾರ ದೇಣಿಗೆಗೆ ಮಿತಿ ಹಾಕಬಹುದು, ಖರ್ಚಿಗೆ ಹಾಕುವಂತಿಲ್ಲ.

2. ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋದ ಬಗೆಯ ಕಲಮುಗಳನ್ನು ತೆಗೆಯಿರಿ (ಆವರಣದಲ್ಲಿರುವುದು ತೀರ್ಪಿನ ವರ್ಷ). ಕಂಪನಿಗಳು, ಕಾರ್ಮಿಕ ಸಂಘಗಳು ಸ್ವತಂತ್ರವಾಗಿ ಮಾಡುವ ಪ್ರಚಾರ ವೆಚ್ಚದ ನಿಷೇಧ (2010), ಎದುರಾಳಿ ಹೆಚ್ಚು ಖರ್ಚು ಮಾಡಿದರೆ ಸರ್ಕಾರಿ ನೆರವು ಏರುವ ವ್ಯವಸ್ಥೆ (2011), ಒಬ್ಬ ದಾನಿ ಎಲ್ಲ ಅಭ್ಯರ್ಥಿಗಳಿಗೂ ಸೇರಿಸಿ ಕೊಡುವ ಮೊತ್ತದ ಮಿತಿ (2014) ಹೋಗಲೇಬೇಕು.

3. ದೇಣಿಗೆ ಮಿತಿಯ ಮೊತ್ತ ನಿಗದಿ ಮಾಡಿ. ಎಲ್ಲರೂ ಎಡವುವುದು ಇಲ್ಲೇ. ವರ್ಮಾಂಟ್ ರಾಜ್ಯ ತನ್ನ ಕೆಳಮನೆಯ ಅಭ್ಯರ್ಥಿಗೆ ಒಬ್ಬ ದಾನಿ ಕೊಡುವ ದೇಣಿಗೆಗೆ ಎರಡು ವರ್ಷದ ಅವಧಿಗೆ 200 ಡಾಲರ್ ಮಿತಿ ಹಾಕಿತ್ತು. ತೀರಾ ಕಡಿಮೆಯಾಯಿತೆಂದು 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅಲಾಸ್ಕಾದ 500 ಡಾಲರ್ ಮಿತಿಯೂ 2021ರಲ್ಲಿ ಬಿತ್ತು. ಹಾಗೆಂದು 500ಕ್ಕಿಂತ ಕೆಳಗಿನದೆಲ್ಲ ಬೀಳುತ್ತದೆ ಎಂದಲ್ಲ: ಆಸ್ಟಿನ್ ನಗರದ 350 ಡಾಲರ್ ಮಿತಿ 2018ರಲ್ಲಿ ಉಳಿಯಿತು. ಚುನಾವಣೆಗೆ ಆರು ತಿಂಗಳಿಗಿಂತ ಮೊದಲು ಹಣ ಪಡೆಯಬಾರದೆಂಬ ಅದೇ ನಗರದ ನಿಯಮ ಮಾತ್ರ ಹೋಯಿತು.

ಆದ್ದರಿಂದ ಅಂಕಿಗಿಂತ ಅದರ ಹಿಂದಿನ ಪುರಾವೆ ಮುಖ್ಯ. ಹಳೆಯ ಚುನಾವಣೆಗಳ ಲೆಕ್ಕಪತ್ರ ತೆರೆದು, ಈ ಮಿತಿಯಲ್ಲಿ ಹೊಸಬನೊಬ್ಬ ಹಾಲಿ ಸದಸ್ಯನೆದುರು ಪ್ರಚಾರ ನಡೆಸಬಲ್ಲನೇ ನೋಡಿ. ಬೆಲೆಯೇರಿಕೆಗೆ ತಕ್ಕಂತೆ ಮಿತಿ ತಾನಾಗಿ ಏರುವ ಸಾಲು ಸೇರಿಸಿ. ವರ್ಮಾಂಟ್, ಅಲಾಸ್ಕಾ ಎರಡರಲ್ಲೂ ಅದಿರಲಿಲ್ಲ. ಸ್ವಯಂಸೇವಕ ತನ್ನ ಕಾರಿಗೆ ಹಾಕಿಸಿಕೊಂಡ ಪೆಟ್ರೋಲನ್ನು ದೇಣಿಗೆಯ ಲೆಕ್ಕಕ್ಕೆ ಹಿಡಿಯಬೇಡಿ. ಭ್ರಷ್ಟಾಚಾರದ ಭೀತಿ ನಿಮ್ಮೂರಲ್ಲಿ ಏಕಿದೆ ಎಂಬುದಕ್ಕೆ ಸಾರ್ವಜನಿಕ ವಿಚಾರಣೆಯ ಸಾಕ್ಷ್ಯ ದಾಖಲಾಗಲಿ. "ಸಮಾನತೆಗಾಗಿ" ಎಂದು ಬರೆದರೆ ಕೋರ್ಟ್ ಒಪ್ಪುವುದಿಲ್ಲ. ಲಂಚ ಮತ್ತು ಲಂಚದ ಶಂಕೆ, ಅದು ಒಪ್ಪುವ ಕಾರಣ ಇದೊಂದೇ. ಪಕ್ಕದೂರಿನ ಕಾನೂನನ್ನೋ ಇಂಟರ್ನೆಟ್ಟಿನ ಮಾದರಿ ಕರಡನ್ನೋ ನಕಲಿಸಿದರೆ ಅಂಕಿ ಸಿಗುತ್ತದೆ, ಈ ದಾಖಲೆ ಸಿಗುವುದಿಲ್ಲ.

4. ದಾನಿಗಳ ಹೆಸರು ಬಹಿರಂಗಪಡಿಸುವ ನಿಯಮ ಮುಟ್ಟಬೇಡಿ. ಕಂಪನಿಗಳಿಗೆ ಬಾಗಿಲು ತೆರೆದ 2010ರ ತೀರ್ಪಿನಲ್ಲೇ ಒಂಬತ್ತರಲ್ಲಿ ಎಂಟು ನ್ಯಾಯಮೂರ್ತಿಗಳು ಬಹಿರಂಗ ನಿಯಮವನ್ನು ಎತ್ತಿಹಿಡಿದರು. ಯಾರ ಹಣ ಯಾರಿಗೆ ಎಂದು ಮತದಾರನಿಗೆ ತಿಳಿಸುವ ಈ ಸಾಲುಗಳನ್ನು ವಕೀಲರು ಅನುಕೂಲಕ್ಕೆಂದು ಕೈಬಿಡಲು ಹೇಳಿದರೂ ಬಿಡಬೇಡಿ.

5. ಒಂದು ಕಲಮು ಬಿದ್ದರೂ ಉಳಿದವು ನಿಲ್ಲುತ್ತವೆ ಎಂಬ ಸಾಲು ಹಾಕಿ ಅಂಗೀಕರಿಸಿ. ಕ್ಯಾಲಿಫೋರ್ನಿಯಾದವರು ನೆನಪಿಡಿ: ನಗರಕ್ಕೆ ಸ್ವಂತ ಮಿತಿಯಿಲ್ಲದಿದ್ದರೆ 2021ರಿಂದ ರಾಜ್ಯದ ಮಿತಿಯೇ ಅನ್ವಯ. ಪ್ರಚಾರ ನಡೆಯುತ್ತಿರುವಾಗ ಮಿತಿ ಬದಲಿಸಬೇಡಿ. ಹೊಸ ಕಾನೂನು ಮುಂದಿನ ಚುನಾವಣೆಗೆ ದೇಣಿಗೆ ಸಂಗ್ರಹ ಶುರುವಾಗುವ ಮುನ್ನ ಜಾರಿಗೆ ಬರಲಿ. ಅಂದೇ ಸಿಟಿ ಕ್ಲರ್ಕ್ ಕಚೇರಿಯ ಹಳೆಯ ಫಾರಂ, ಕೈಪಿಡಿಗಳನ್ನೂ ತೆಗೆಸಿ. ಅಭ್ಯರ್ಥಿಗಳು ಓದುವುದು ಅವನ್ನೇ.