ಮೇ ತಿಂಗಳಲ್ಲಿ ಅಳೆದ ಜಾಗ, ನವೆಂಬರ್‌ನಲ್ಲಿ ಬಂದ ಮೀನು: ಭಾಟಘರ್ ಹಿನ್ನೀರಿನ ನನ್ನ ಅನುಭವ

ಪುಣೆಯ ನಮ್ಮ ಗಾಳದ ಗೆಳೆಯರು ಈಗ ಸಿಕ್ಕಲ್ಲೆಲ್ಲ ಕೇಳುವುದು ಒಂದೇ: "ಭೋರ್ ಕಡೆ ಎಲ್ಲಿ ಕೂರ್ತೀರಿ?" ಕೆಲವು ವರ್ಷದ ಹಿಂದೆ ಇದೇ ಜನ ಭೋರ್ ಹತ್ತಿರದ ಭಾಟಘರ್ ಅಣೆಕಟ್ಟಿನ ಹೆಸರು ಎತ್ತಿದರೆ ನಗುತ್ತಿದ್ದರು. ಬೇಸಿಗೆಯಲ್ಲಿ ಒಣಗಿ ಹೋಗುವ ಹಿನ್ನೀರು, ಅಲ್ಲಿ ದೊಡ್ಡ ಮೀನು ಎಲ್ಲಿಂದ ಬರಬೇಕು ಅನ್ನುತ್ತಿದ್ದರು. ನನಗೆ ಬೇಕಾಗಿದ್ದು ಆ ಒಣಗಿದ ನೆಲವೇ. ಕಳೆದ ಹಂಗಾಮಿನಲ್ಲಿ ಏಳು ಕಿಲೋ ಹತ್ತಿರದ ರೋಹು, ಹನ್ನೊಂದರ ಆಸುಪಾಸಿನ ಕಾಟ್ಲಾ ಬಂದ ಮೇಲೆ ಯಾರೂ ವಾದಕ್ಕೆ ಬರುತ್ತಿಲ್ಲ.

ಮೊದಲು ಬೇರೆ ಜಾಗಗಳ ಮಾತು ಮುಗಿಸಿಬಿಡುತ್ತೇನೆ. ಖಡಕ್‌ವಾಸ್ಲಾ ಪುಣೆಗೆ ಕುಡಿಯುವ ನೀರು ಕೊಡುವ ಕೆರೆ, ರಜೆ ದಿನ ಜನಜಾತ್ರೆ, ಅಲ್ಲಿಗೆ ಹೋಗಬೇಡಿ. ಪವನಾ ದಂಡೆ ತುಂಬ ಟೆಂಟು, ರಾತ್ರಿಯಿಡೀ ಸ್ಪೀಕರ್. ದೇಹು, ಆಳಂದಿಯ ಇಂದ್ರಾಯಣಿ ತೀರ್ಥಸ್ಥಳ, ಅಲ್ಲಿ ಗಾಳ ತೆಗೆಯುವ ಮಾತೇ ಇಲ್ಲ. ಭೀಮಾ ನದಿಯ ಉಜನಿ ಜಲಾಶಯಕ್ಕೆ ಭಿಗವಣ್ ಕಡೆಯಿಂದ ಸುಮಾರು ವರ್ಷ ಹೋದೆ. ಮೀನು ಖಂಡಿತ ಇದೆ, ಆದರೆ ಹೆಚ್ಚಿನದು ಚಿಲಾಪಿ, ನಮ್ಮ ಕಡೆಯ ಜಿಲೇಬಿ ಮೀನು. ಕಾಟ್ಲಾಗೆ ಕಟ್ಟಿದ ಎರೆಯನ್ನು ಅವೇ ಕುಟುಕಿ ಮುಗಿಸುತ್ತವೆ. ಪುಣೆ, ಚಿಂಚ್‌ವಡದ ಗಲೀಜೆಲ್ಲ ಮುಳಾ-ಮುಠಾ ಹಿಡಿದು ಅದೇ ನೀರಿಗೆ ಸೇರುತ್ತದೆ. ಹೋಗಿ ಬರಲು ಇನ್ನೂರೈವತ್ತು ಕಿಲೋಮೀಟರ್. ಪೆಟ್ರೋಲ್ ಲೆಕ್ಕ ಹಾಕಿದರೆ ಮಾರುಕಟ್ಟೆಯಲ್ಲೇ ಮೀನು ಕೊಳ್ಳುವುದು ಅಗ್ಗ.

ಭಾಟಘರ್ ಹಾಗಲ್ಲ. ಚಿಂಚ್‌ವಡದಿಂದ ಬೈಕಿನಲ್ಲಿ ಕಾತ್ರಜ್, ಖೇಡ್ ಶಿವಾಪುರ, ಕಾಪೂರ್‌ಹೋಳ್, ಅಲ್ಲಿಂದ ಭೋರ್ ರಸ್ತೆ. ಮೂರು ಲೀಟರ್ ಪೆಟ್ರೋಲಿನಲ್ಲಿ ಹೋಗಿ ಬರಬಹುದು. ನೀರಾದ ಉಪನದಿ ವೇಳವಂಡಿಗೆ ಕಟ್ಟಿದ ಅಣೆಕಟ್ಟು ಅದು, 1927ರದ್ದು. ನೀರೆಲ್ಲ ನೀರಾ ಕಾಲುವೆಗಳಿಗೆ, ಬಾರಾಮತಿ, ಫಲಟಣ್ ಕಡೆಯ ಕಬ್ಬಿಗೆ. ಹಾಗಾಗಿ ಮಳೆಗಾಲ ಮುಗಿದಾಗ ತುಂಬಿ ತುಳುಕುವ ಹಿನ್ನೀರು ಮೇ ಹೊತ್ತಿಗೆ ತಳ ಕಾಣುತ್ತದೆ. ವರ್ಷದ ಹೆಚ್ಚಿನ ಕಾಲ ಮುಳುಗಿರುವ ವೇಳವಂಡಿ ಕಣಿವೆಯ ಕಾಂಬರೇಶ್ವರ ದೇವಸ್ಥಾನ ಹೊರಗೆ ಬರುವುದು ಆಗಲೇ.

ನಾನು ಅಫಜಲಪುರ ಕಡೆಯವನು. ನೀರಾ ನದಿ ನರಸಿಂಗಪುರದಲ್ಲಿ ಭೀಮೆಗೆ ಸೇರಿ ನಮ್ಮೂರಿನ ಮುಂದೆಯೇ ಹರಿಯುತ್ತದೆ. ಹೊಳೆ ಬತ್ತಿದಾಗ ನಮ್ಮ ಕಾಕಾ ಹುಡುಗರನ್ನು ಪಾತ್ರದೊಳಗೆ ನಡೆಸಿಕೊಂಡು ಹೋಗಿ ಮಡುಗಳನ್ನು ತೋರಿಸುತ್ತಿದ್ದರು. ನೀರು ಬಂದ ಮೇಲೆ ಎಲ್ಲಿ ಗಾಳ ಹಾಕಬೇಕು ಅನ್ನುವುದು ಬೇಸಿಗೆಯಲ್ಲೇ ತೀರ್ಮಾನ ಆಗುತ್ತಿತ್ತು. ಅದನ್ನೇ ಇಲ್ಲಿ ಅಣೆಕಟ್ಟಿನ ಹಿನ್ನೀರಿಗೆ ತಂದೆ.

ಮೊದಲ ವರ್ಷ ಫೋನಿನ ಸ್ಯಾಟಲೈಟ್ ಮ್ಯಾಪ್ ನೋಡಿ ಒಂದು ಡಜನ್ ಗುರುತು ಹಾಕಿಕೊಂಡು ಹೋದೆ. ಒಂದೂ ಫಲ ಕೊಡಲಿಲ್ಲ. ಮ್ಯಾಪಿನಲ್ಲಿ ಕಪ್ಪಗೆ ಆಳವಾಗಿ ಕಂಡ ಜಾಗದಲ್ಲಿ ಮೊಣಕಾಲುದ್ದ ಹೂಳು, ಅಷ್ಟೇ. ಇನ್ನೊಂದು ಕಡೆ ಹಳೆ ಮಾವಿನ ತೋಪಿನ ಬೊಡ್ಡೆಗಳು. ಒಂದೇ ತಿಂಗಳಲ್ಲಿ ಸಾವಿರದೈನೂರು ರೂಪಾಯಿಯಷ್ಟು ಹುಕ್ಕು, ಸೀಸ, ದಾರ ಆ ಬೊಡ್ಡೆಗಳಿಗೆ ಹೋಯಿತು. ಆಮೇಲೆ ಮ್ಯಾಪ್ ಬಿಟ್ಟು ಗಂಬೂಟು ಹಾಕಿ ನೆಲದ ಮೇಲೆ ನಡೆದೆ. ಬಿರುಕು ಬಿಟ್ಟ ನೆಲ ಗಟ್ಟಿ, ಹೊಳೆಯುವ ನೆಲ ಕೆಸರು. ಒಬ್ಬರೇ ಹೋಗಬೇಡಿ, ಸೊಂಟದವರೆಗೆ ಹೂತರೆ ಎಳೆಯಲು ಜನ ಬೇಕು.

ನಡೆಯುವಾಗ ನಾನು ಹುಡುಕುವುದು ಹಳೆ ಹೊಲದ ಕಲ್ಲಿನ ಬದು. ನೀರು ಏರಿದ ಮೇಲೆ ಆ ಕಲ್ಲಿಗೆ ಪಾಚಿ ಕಟ್ಟುತ್ತದೆ, ರೋಹು ಅಲ್ಲೇ ಮೇಯುತ್ತದೆ. ಅದಕ್ಕಿಂತ ಒಳ್ಳೆಯದು ಹಳ್ಳ ಬಂದು ನದಿಗೆ ಸೇರುವ ಮೂಲೆ. ಒಂದು ಮಗ್ಗುಲು ಮೆಟ್ಟಿಲಿನಂತೆ ಇಳಿದಿದ್ದರೆ ಮೃಗಾಲ್ ತಳದ ಹೂಳಿನಲ್ಲಿ, ಕಾಟ್ಲಾ ಮೇಲಿನ ನೀರಿನಲ್ಲಿ, ಎರಡೂ ಒಂದೇ ಕಡೆ ಸಿಗುತ್ತವೆ. ಬಸವನಹುಳದ ಚಿಪ್ಪು ರಾಶಿ ಬಿದ್ದಿದ್ದರೆ ಎರಡು ಸಲ ಗುರುತು ಹಾಕಿ. ಬೊಡ್ಡೆ ಇದ್ದ ಕಡೆ ಹತ್ತು ಅಡಿ ದೂರ ಬಿಡಿ.

ಈಗ ಮುಖ್ಯ ವಿಷಯ. ಜಿಪಿಎಸ್ ಗುರುತು ಗುಂಡಿ ಎಲ್ಲಿದೆ ಅಂತ ಹೇಳುತ್ತದೆ. ನೀವು ದಂಡೆಯಲ್ಲಿ ಎಲ್ಲಿ ನಿಲ್ಲಬೇಕು, ಎಷ್ಟು ದೂರ ಎಸೆಯಬೇಕು ಅಂತ ಹೇಳುವುದಿಲ್ಲ. ಅದಕ್ಕೆ ನೂರು ರೂಪಾಯಿಯ ನೈಲಾನ್ ಹಗ್ಗ ತಂದೆ. ಐದೈದು ಮೀಟರಿಗೆ ಗಂಟು ಹಾಕಿದೆ. ನೀರು ತುಂಬಿದಾಗಲೂ ಹೊರಗೆ ಇರುವ ಬಂಡೆಯಿಂದ ಗುಂಡಿಯ ಅಂಚಿನವರೆಗೆ ಹಗ್ಗ ಎಳೆದು ಅಳೆದೆ. ಎದುರು ದಂಡೆಯ ಒಂದು ಮರ, ಅದರ ಹಿಂದೆ ಗುಡ್ಡದ ಒಂದು ಕೊರಕಲು, ಎರಡೂ ಒಂದೇ ಗೆರೆಗೆ ಬರುವಂತೆ ಫೋಟೋ ತೆಗೆದೆ. ಪ್ರತಿ ಜಾಗಕ್ಕೂ ಮೂರು ಬಂಡೆಗಳಿಂದ ಇಂಥ ಮೂರು ಅಳತೆ: ನೀರು ಪೂರ್ತಿ ತುಂಬಿದಾಗ ನಿಲ್ಲಲು ಒಂದು, ಮುಕ್ಕಾಲು ಇದ್ದಾಗ ಒಂದು, ಅರ್ಧ ಇದ್ದಾಗ ಒಂದು. ಅಣೆಕಟ್ಟಿನಲ್ಲಿ ಶೇಕಡಾ ಎಷ್ಟು ನೀರಿದೆ ಅಂತ ಇಲ್ಲಿನ ಪೇಪರಿನಲ್ಲೇ ಬರುತ್ತದಲ್ವಾ? ಅದನ್ನು ನೋಡಿ ಯಾವ ಬಂಡೆ ಅಂತ ಮನೆಯಲ್ಲೇ ನಿರ್ಧಾರ ಮಾಡುತ್ತೇನೆ. ದಂಡೆಗೆ ಹೋದ ಮೇಲೆ ಅಷ್ಟು ಮೀಟರ್ ದಾರ ಬಿಚ್ಚಿ, ದಾರ ಸುತ್ತಿದ ಸ್ಪೂಲಿನ ಕ್ಲಿಪ್ಪಿಗೆ ಸಿಕ್ಕಿಸಿದರೆ ಎರೆ ಪ್ರತಿ ಸಲವೂ ಅದೇ ಜಾಗಕ್ಕೆ ಬೀಳುತ್ತದೆ. ಬಿದ್ದ ಮೇಲೆ ದಾರವನ್ನು ಕ್ಲಿಪ್ಪಿನಿಂದ ಬಿಡಿಸುವುದನ್ನು ಮಾತ್ರ ಮರೆಯಬೇಡಿ, ದೊಡ್ಡ ಮೀನು ಎಳೆದರೆ ದಾರ ಕಡಿಯುತ್ತದೆ. ನಮ್ಮವರಲ್ಲಿ ಒಬ್ಬರು ಹನ್ನೆರಡು ಸಾವಿರ ಕೊಟ್ಟು ಫಿಶ್ ಫೈಂಡರ್ ತಂದಿದ್ದರು. ನನ್ನ ಹಗ್ಗ ಕೊಟ್ಟಷ್ಟು ಮೀನು ಅದು ಕೊಟ್ಟಿಲ್ಲ.

ಒಣಗುವ ನೀರಿನಲ್ಲಿ ಮೀನು ಹೇಗೆ ಉಳಿಯುತ್ತದೆ ಅನ್ನುವವರಿಗೆ ಒಂದು ಮಾತು. ನೀರು ಇಳಿದಂತೆ ದೊಡ್ಡವು ಅಣೆಕಟ್ಟಿನ ಕಡೆಯ ಹಳೆ ನದಿ ಪಾತ್ರಕ್ಕೆ ಸರಿಯುತ್ತವೆ, ನೀರು ಹರಡಿದಾಗ ಮತ್ತೆ ಮೇಲಕ್ಕೆ ಮೇಯಲು ಬರುತ್ತವೆ. ನನಗೆ ಒಳ್ಳೆಯ ಕಾಲ ಅಕ್ಟೋಬರ್‌ನಿಂದ ಡಿಸೆಂಬರ್ ಮೊದಲ ವಾರ, ಆಮೇಲೆ ಫೆಬ್ರವರಿ ಕೊನೆಯಿಂದ ಮಾರ್ಚ್. ನಡುವಿನ ಚಳಿಯಲ್ಲಿ ರೋಹು ಬಾಯಿ ಬಿಡುವುದು ಕಡಿಮೆ. ಕಾಲುವೆಗೆ ನೀರು ಬಿಟ್ಟು ರಾತ್ರೋರಾತ್ರಿ ಗೇಣುದ್ದ ಇಳಿದಿದ್ದರೆ ಆ ದಿನ ಮೀನು ದಂಡೆಗೆ ಬರುವುದಿಲ್ಲ, ಸುಮ್ನೆ ಚಹಾ ಕುಡಿದು ಬನ್ನಿ. ಜೂನ್‌ನಿಂದ ಆಗಸ್ಟ್ ಮೊಟ್ಟೆ ಇಡುವ ಕಾಲ, ನಾನು ಗಾಳವನ್ನು ಮುಟ್ಟುವುದಿಲ್ಲ. ಮೀನಿನ ಗುತ್ತಿಗೆ ಹಿಡಿದ ಸೊಸೈಟಿಯವರನ್ನು ಮೊದಲೇ ಕೇಳಿ, ಅವರು ಹೇಳಿದಷ್ಟು ಕೊಟ್ಟು ಕೂರಿ. ಅವರ ಹೊಟ್ಟೆಪಾಡು ಅದು.

ಎರೆಯ ವಿಷಯ. ಪೇಟೆಯ ನಾನೂರು ರೂಪಾಯಿಯ ಪರಿಮಳದ ಪೇಸ್ಟು ಎರಡು ತಂದು ನೋಡಿದೆ, ಚಿಕ್ಕ ಮೀನು ಜಾಸ್ತಿ ಆದವು. ಬ್ರೆಡ್ಡು ಕರಗುತ್ತದೆ. ಈಗ ಜೋಳದ ಹಿಟ್ಟನ್ನು ಕುದಿಯುವ ನೀರಿನಲ್ಲಿ ತೊಳಸಿ ಗಟ್ಟಿ ಮುದ್ದೆ ಮಾಡುತ್ತೇನೆ, ಅದಕ್ಕೆ ಎರಡು ದಿನ ನೆನೆಸಿ ಹುಳಿ ಬಂದ ಶೇಂಗಾ ಹಿಂಡಿ. ಚಿಲಾಪಿ ಕುಟುಕಿದರೂ ಉದುರಬಾರದು ಅಂತ ಒಂದು ಮುಷ್ಟಿ ಮೈದಾ. ಕೊನೆಗೆ ಬೀಳುವ ಒಂದು ಕಾಳಿನ ಪುಡಿ ಇದೆ, ಅದನ್ನು ನಾನು ಹೇಳುವುದಿಲ್ಲ. ಹುರಿದು ಹಾಕಬೇಕು ಅನ್ನುವಷ್ಟು ಹೇಳಬಲ್ಲೆ.

ಮಹಶೀರ್ ಆಸೆಗೆ ಹಿನ್ನೀರಿನ ಮೇಲ್ತುದಿಯ ಕಲ್ಲುಹಳ್ಳದಲ್ಲೂ ಕೆಲವು ಬೆಳಗು ಕಳೆದೆ. ಸಿಕ್ಕಿದ್ದು ಅಂಗೈ ಉದ್ದದವು, ಎಲ್ಲವನ್ನೂ ನೀರಿಗೆ ಬಿಟ್ಟೆ. ದಖ್ಖನಿ ಮಹಶೀರನ್ನು 1839ರಲ್ಲಿ ಬ್ರಿಟಿಷ್ ಅಧಿಕಾರಿ ಸೈಕ್ಸ್ ಮೊದಲು ದಾಖಲಿಸಿದ್ದೇ ಪುಣೆಯ ಪೂರ್ವಕ್ಕೆ ಮುಳಾ-ಮುಠಾದಲ್ಲಿ. ಈಗ ಅಲ್ಲಿ ದಂಡೆಯ ಮೇಲೆ ನಿಲ್ಲುವುದೂ ಕಷ್ಟ, ನನಗೆ ಅದರ ಸಂಕಟ ಇದೆ. ಲೋಣಾವಳದಲ್ಲಿ ಟಾಟಾದವರು ಇದೇ ಮೀನಿನ ಮರಿ ಮಾಡಿಸುತ್ತಾರೆ. ಆ ಮರಿಗಳು ನಮ್ಮ ಕಾವೇರಿಗೂ ಹೋಗಿವೆ. ಅಲ್ಲಿನ ಮೂಲದ ಗೂನು ಬೆನ್ನಿನ ಮಹಶೀರ್ ಇವತ್ತು ಅಳಿವಿನ ಅಂಚಿನಲ್ಲಿದೆ. ಹೊಳೆಗೆ ಬೇರೆ ಮೀನು ಬಿಡುವ ಮೊದಲು ನಾವೆಲ್ಲ ಯೋಚಿಸಬೇಕು.

ಈ ಮೇ ತಿಂಗಳಲ್ಲಿ ವರಂಧಾ ಘಾಟಿನ ದಾರಿಯಲ್ಲಿರುವ ನೀರಾ ದೇವಘರ್ ಹಿನ್ನೀರನ್ನು ಅಳೆಯಲು ಹೋಗುತ್ತಿದ್ದೇನೆ. ಬರುವವರು ಗಂಬೂಟು, ಐವತ್ತು ಮೀಟರ್ ಹಗ್ಗ, ಜಾಸ್ತಿ ನೀರು ತನ್ನಿ. ರಾಡ್ ಮನೆಯಲ್ಲೇ ಇರಲಿ.