ಹಿಮದ ದಾರಿಗೆ ಫೋರ್ ವೀಲ್ ಡ್ರೈವೋ, ಟೈರ್ ಚೈನೋ?

ಚಳಿಗಾಲದಲ್ಲಿ ಹುಬ್ಬಳ್ಳಿಯಿಂದ ಮನಾಲಿ ಕಡೆ ಕಾರು ಒಯ್ಯುವವರು ಮೊದಲು ತಿಳಿಯಬೇಕಾದದ್ದು: ಫೋರ್ ವೀಲ್ ಡ್ರೈವ್, ಅಂದರೆ ಎಂಜಿನ್ ನಾಲ್ಕೂ ಚಕ್ರ ತಿರುಗಿಸುವ ವ್ಯವಸ್ಥೆ, ಗಾಡಿಯನ್ನು ಮುಂದೆ ದೂಡುತ್ತದೆ, ನಿಲ್ಲಿಸುವುದಿಲ್ಲ. ನವಲಗುಂದದ ಎರೆಮಣ್ಣಿನ ರಾಡಿಯಲ್ಲಿ ಪಾರು ಮಾಡಿತೆಂದು ಮಂಜುಗಡ್ಡೆಯ ಇಳಿಜಾರಿನಲ್ಲಿ ಅದನ್ನೇ ನಂಬಬೇಡಿ. ಅಲ್ಲಿ ಹಿಡಿತ ಕೊಡುವುದು ಟೈರಿನ ಮೇಲೆ ಸುತ್ತುವ ಚೈನ್. ತೆಳು, ಸಡಿಲ ಹಿಮಕ್ಕಾದರೆ ಒಳ್ಳೆಯ ಟೈರಿರುವ ಫೋರ್ ವೀಲ್ ಡ್ರೈವ್ ಸಾಕು.

ಚೈನ್ ಕೊಳ್ಳುವಾಗ ಟೈರಿನ ಬದಿಯಲ್ಲಿರುವ ಅಳತೆ (205/65 ಆರ್ 16 ಎಂಬಂತೆ) ಪೂರ್ತಿ ಹೊಂದಬೇಕು. ಎಂಜಿನ್ ತಿರುಗಿಸುವ ಚಕ್ರಗಳಿಗೇ ಹಾಕಿ; ಸಣ್ಣ ಕಾರುಗಳಲ್ಲಿ ಬಹುತೇಕ ಮುಂದಿನವು. ಫೋರ್ ವೀಲ್ ಡ್ರೈವ್ ಆದರೆ ಗಾಡಿಯ ಕೈಪಿಡಿ ನೋಡಿ. ಒಳಬದಿಯ ಕೊಂಡಿ ಮೊದಲು, ಹೊರಗಿನದು ಆಮೇಲೆ. ನೂರು ಮೀಟರ್ ಓಡಿಸಿ, ನಿಲ್ಲಿಸಿ, ಮತ್ತೆ ಬಿಗಿ ಮಾಡಿ. ಸಡಿಲ ಬಿಟ್ಟರೆ ಚೈನ್ ಬಡಿದು ಬ್ರೇಕ್ ಪೈಪ್ ಹರಿದೀತು. ವೇಗ 40 ಕಿ.ಮೀ. ಒಳಗಿರಲಿ. ಬರಿ ಡಾಂಬರು ಕಂಡ ಕೂಡಲೇ ಬಿಚ್ಚಿ, ಇಲ್ಲದಿದ್ದರೆ ಕೊಂಡಿ ಸವೆದು ತುಂಡಾಗುತ್ತದೆ.

ಹೊರಡುವ ಮುಂಚೆ ಮನೆ ಮುಂದೆಯೇ ಎರಡು ಸಲ ಹಾಕಿ ಬಿಚ್ಚಿ ರೂಢಿ ಮಾಡಿಕೊಳ್ಳಿ. ಹಿಮದ ದಾರಿಯಲ್ಲಿ ಬೆರಳು ಮರಗಟ್ಟಿರುತ್ತವೆ. ರೇಡಿಯೇಟರಿನಲ್ಲಿ ಬರೀ ನೀರಿದ್ದರೆ ತೆಗೆಸಿ ಕೂಲಂಟ್ (ಚಳಿಗೆ ಸುಲಭವಾಗಿ ಹೆಪ್ಪುಗಟ್ಟದ ದ್ರವ) ತುಂಬಿಸಿ. ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಎಂಜಿನ್ನೇ ಬಿರುಕು ಬಿಡುತ್ತದೆ.